ಒಂದೇ ಎಣ್ಣೆಯ ಮಕ್ಕಳು

ಲಗಾನಿ, ಕ್ರೀಟ್
೨೮ ಸೆಪ್ಟೆಂಬರ್ ೧೯೬೪

ಮನೂಸೋ,

ನಿಮ್ಮೂರು ಮುಟ್ಟಿದೆ. ಬಸ್ಸಿನವನು ಸೇತುವೆ ಹತ್ತಿರ ಇಳಿಸಿ ಹೊರಟೇ ಹೋದ. ಅಲ್ಲಿಗೆ ನಿನ್ನ ದೊಡ್ಡಪ್ಪನ ಮಗ ಸಿಫಿಸ್ ಹೇಸರಗತ್ತೆ ಹಿಡಿದುಕೊಂಡು ಬಂದಿದ್ದ. ನನ್ನ ಪೆಟ್ಟಿಗೆಯನ್ನು ಅದರ ಮೇಲೆ ಹೇರಿ ನನ್ನನ್ನು ನಡೆಸಿದ. "ಇದಕ್ಕೆ ವಯಸ್ಸಾಗಿದೆ ಕಣಮ್ಮ, ನಿಂಗಿನ್ನೂ ಆಗಿಲ್ವಲ್ಲ" ಅಂದ. ಮೇಲೆ ಹತ್ತುವಷ್ಟರಲ್ಲಿ ನನಗೂ ಆಯಿತು.

ಇಲ್ಲಿ ಮೇಕೆ ಗಂಟೆ ಬಿಟ್ಟರೆ ಬೇರೆ ಸದ್ದಿಲ್ಲ. ಪಿರೇಯಸ್ಸಿನಲ್ಲಿ ಹೊಲಿಗೆ ಮೆಷಿನ್ನಿನ ಗಲಾಟೆಯಲ್ಲೇ ಬೆಳೆದವಳು ನಾನು. ಮೊದಲೆರಡು ದಿನ ಕಿವಿ ಗುಂಯ್ ಅನ್ನುತ್ತಿತ್ತು.

ನಿನ್ನ ಅಮ್ಮ ಬಾಗಿಲಲ್ಲೇ ನಿಂತಿದ್ದರು. ಸಂತೆಯಲ್ಲಿ ಕುರಿ ನೋಡುವ ಹಾಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಸಿವಾಗಿದ್ಯಾ?" ಅಂದರು. ಇಲ್ಲ ಅಂದೆ. "ಹಸಿವಿಲ್ದೋಳಿಗೆ ಈ ಮನೇಲಿ ಕೆಲ್ಸ ಇಲ್ಲ" ಅಂದರು. ತಕ್ಷಣ ಹಸಿವಾಯಿತು. ನಾನು ಯಾತಕ್ಕೆ ಬಂದಿದ್ದೇನೆ ಅನ್ನುವುದು ಇಬ್ಬರಿಗೂ ಗೊತ್ತು, ಇಬ್ಬರೂ ಆ ಮಾತು ಎತ್ತಲಿಲ್ಲ. ಅವರು, ಗರಿಫಲ್ಯಾ ಅತ್ತೆ, ಹೂಂ ಅಂದರೆ ಈಸ್ಟರ್ ಕಳೆದ ಮೇಲೆ ನಮ್ಮ ಮದುವೆ, ಉಹುಂ ಅಂದರೆ ಇಲ್ಲ. "ಅಮ್ಮನ ಬಾಯಿಂದ ಒಂದು ಮಾತು ಬರಲಿ" ಅಂತ ಷರತ್ತು ಹಾಕಿ ಹಡಗು ಹತ್ತಿದವನು ನೀನೇ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಮಳೆ ಬಂದ ಮರುದಿನ ಅವರ ಜೊತೆ ಬಸವನಹುಳು ಹೆಕ್ಕಿದೆ, ಬೆರಕೆ ಸೊಪ್ಪು ಸೋಸಿದೆ. ನಿನ್ನ ಅಪ್ಪನ ಹಳೇ ಕೋಟಿಗೆ ನಾನು ಹಾಕಿದ ತೇಪೆಯನ್ನು ಬೆಳಕಿಗೆ ಹಿಡಿದು ನೋಡಿ, "ಹೊಲ್ಗೆ ಬರ್ತದೆ" ಅಂದರು. ಭಾನುವಾರ ಪೆಟಾರಿ ತೆಗೆದು ಕೆಂಪು ಹೊದಿಕೆಯನ್ನು ನನ್ನ ಮಡಿಲಲ್ಲಿ ಹರಡಿ, "ಮದುವೆ ಮಂಚಕ್ಕೆ ಇದೇ" ಅಂದರು. ನನ್ನ ಕಣ್ಣು ತುಂಬಿತು. ಆಮೇಲೆ ಎಲ್ಲ ಅತ್ತೆಯರಂತೆ ವಿಚಾರಣೆ ಶುರುವಾಯಿತು. ಅಪ್ಪ ಯಾರು, ಯಾವಾಗ ಸತ್ತರು, ಅಮ್ಮ ಯಾವ ಊರವಳು, ಜ್ಞಾನಸ್ನಾನ ಎಲ್ಲಿ ಆಯಿತು, ಯಾರು ಮಾಡಿಸಿದರು, ಈಗ ನನ್ನವರು ಅಂತ ಯಾರಿದ್ದಾರೆ. ಎಲ್ಲಕ್ಕೂ ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವರು ಹೊದಿಕೆಯನ್ನು ನನ್ನ ಮಡಿಲಿನಿಂದ ಎತ್ತಿ, ಮಡಚಿ, ಪೆಟಾರಿಗೆ ಹಾಕಿ ಬೀಗ ತಿರುಗಿಸಿದರು. "ಸಾರು ಸೀದೋಗ್ತಿದೆ" ಅಂತ ಒಳಗೆ ಹೋದರು. ಒಲೆಯ ಮೇಲೆ ಸಾರಿರಲಿಲ್ಲ.

ನಾನೇನು ತಪ್ಪು ಹೇಳಿದೆ? ಅಥವಾ ಆ ದಾಳಿಂಬೆ ಕಾರಣವೋ? ಬಂದ ದಿನ ಎದುರುಗಡೆ ನೀಲಿ ಬಾಗಿಲಿನ ಮನೆಯ ಮುದುಕಿ ಒಂದು ದಾಳಿಂಬೆ ಕೊಟ್ಟರು, ತೆಗೆದುಕೊಂಡೆ. ನಿನ್ನ ಅಮ್ಮ ಅದನ್ನು ನನ್ನ ಕೈಯಿಂದ ಕಿತ್ತು ಕೋಳಿಗಳಿಗೆ ಎಸೆದಿದ್ದರು. ಬೇಗ ಬರೆ. ನನಗೆ ಇಲ್ಲಿ ಕೇಳುವುದಕ್ಕೆ ಯಾರೂ ಇಲ್ಲ.

ನಿನ್ನ ಎವಾಂಥಿಯಾ


ಆಂಟ್‌ವರ್ಪ್ ಬಂದರು
೧೯ ಅಕ್ಟೋಬರ್ ೧೯೬೪

ಎವಾಂಥಿ,

ದಾಳಿಂಬೆಯೇ ಕಣೇ, ಇನ್ನೇನು. ಊರಿಗೆಲ್ಲ ಇರುವ ಬಾಗಿಲು ಬಿಟ್ಟು ನೀನು ಹೋಗಿ ಹೋಗಿ ಆ ಬಾಗಿಲಿಗೇ ಕೈ ಚಾಚಿದೆಯಲ್ಲ.

ತಪ್ಪು ನನ್ನದೇ, ಮೊದಲೇ ಹೇಳಬೇಕಿತ್ತು. ಆ ಮುದುಕಿ ಪೆಲಾಗಿಯಾ. ನಾನು ಹುಟ್ಟುವ ಮುಂಚೆ ಅವಳ ಅಣ್ಣ ನಮ್ಮ ಮೇಕೆ ಕದಿಯಲು ಬಂದು, ಅಡ್ಡ ಬಂದ ನನ್ನ ಅಪ್ಪನ ಕಾಲಿಗೆ ಗುಂಡು ಹೊಡೆದ. ಅಪ್ಪ ಸಾಯುವವರೆಗೂ ಕುಂಟಿದ. ಆವತ್ತಿನಿಂದ ಆ ಮನೆಗೂ ನಮಗೂ ಮಾತಿಲ್ಲ, ನೀರಿಲ್ಲ, ಸಾವಿಗೂ ಹೋಗುವುದಿಲ್ಲ. ಓಣಿ ನಾಲ್ಕು ಹೆಜ್ಜೆ ಅಗಲ ಇರಬಹುದು, ಆದರೆ ಅದನ್ನು ದಾಟುವುದಕ್ಕಿಂತ ಅಟ್ಲಾಂಟಿಕ್ ದಾಟುವುದು ಸುಲಭ.

ಅಮ್ಮನಿಗೆ ಸಿಟ್ಟು ಬಂದರೆ ಬೀಗ ಹಾಕುತ್ತಾಳೆ. ನಾನು ಚಿಕ್ಕವನಿದ್ದಾಗ ಜೇನಿನ ಗಡಿಗೆಗೆ ಬೀಗ ಹಾಕುತ್ತಿದ್ದಳು. ನಾಲ್ಕು ದಿನ ಬಿಟ್ಟು ತಾನೇ ತೆಗೆಯುತ್ತಿದ್ದಳು. ಹೊದಿಕೆಯೂ ಹೊರಗೆ ಬರುತ್ತದೆ, ಬಿಡು.

ಇಲ್ಲಿ ಚಳಿ. ಅಡುಗೆಯವನು ಆಲೂಗಡ್ಡೆ ಬಿಟ್ಟು ಇನ್ನೊಂದು ಬೇಯಿಸುವುದನ್ನು ಮರೆತಿದ್ದಾನೆ. ಇಲ್ಲಿಂದ ಸಾಂತೋಸ್‌ಗೆ ಹೊರಡುತ್ತೇವೆ. ಅಲ್ಲಿನ ಏಜೆಂಟರ ವಿಳಾಸಕ್ಕೆ ಬರೆ. ಅಮ್ಮನಿಗೆ ಓದಲು ಬರುವುದಿಲ್ಲ, ನನ್ನ ಪತ್ರದಲ್ಲಿ ಒಳ್ಳೆಯದೆಲ್ಲ ಓದಿ ಹೇಳು, ಉಳಿದದ್ದು ನಿನಗೆ.

ಮನೂಸೋಸ್


ಲಗಾನಿ
೨೧ ಅಕ್ಟೋಬರ್ ೧೯೬೪

ಮನೂಸೋ,

ನಿನ್ನ ಪತ್ರ ಇನ್ನೂ ಬಂದಿಲ್ಲ. ಕಾಯಲು ಆಗದೆ ಮತ್ತೆ ಬರೆಯುತ್ತಿದ್ದೇನೆ, ಹಡಗಿನ ಕಂಪನಿಯವರು ನೀನಿರುವಲ್ಲಿಗೆ ಮುಟ್ಟಿಸುತ್ತಾರೆ. ನನ್ನ ತಲೆ ಕೆಟ್ಟಿದೆಯೋ ನಿಮ್ಮೂರಿನದೋ, ನೀನೇ ಹೇಳು.

ಬೈಯುತ್ತಾರೆ, ವಾಪಸ್ ಕಳಿಸುತ್ತಾರೆ ಅಂದುಕೊಂಡಿದ್ದೆ. ಆದದ್ದು ತಿರುಗಾಮುರುಗಾ. ನಿನ್ನ ಅಮ್ಮ ನನಗೆ ನೆಲಮಾಳಿಗೆಯ ಬೀಗದ ಕೈ ಕೊಟ್ಟಿದ್ದಾರೆ. ಗಿಣ್ಣಿನ ಉಂಡೆಗಳನ್ನು ಯಾವತ್ತು ತಿರುವಿಹಾಕಬೇಕು ಅನ್ನುವುದನ್ನೂ ನನಗೇ ಬಿಟ್ಟಿದ್ದಾರೆ. ಕಾಲು ಒರಟಾಗಿದೆ ಅಂತ ತಾವೇ ಎಣ್ಣೆ ಬಿಸಿ ಮಾಡಿ ತಿಕ್ಕಿದರು. ನನ್ನ ಹೆತ್ತಮ್ಮ ಹೋದ ಮೇಲೆ ನನ್ನ ಕಾಲನ್ನು ಯಾರೂ ಮುಟ್ಟಿರಲಿಲ್ಲ. ಒಂದು ದಿನ "ಅತ್ತೆ, ನೀರು ಸೇದ್ಲಾ?" ಅಂದೆ. ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು, "ಅತ್ತೆ ಅನ್ಬೇಡ ಕಣವ್ವಾ. ಅಮ್ಮ ಅನ್ನು" ಅಂದರು. ಪ್ರೀತಿಯಿಂದಲೇ ಅಂದರು. ಆದರೆ ಮುಖ ತಿರುಗಿಸಿದ್ದು ಯಾಕೆ?

ಊರಿನ ಗಂಡಸರದ್ದು ಇನ್ನೊಂದು ಕಥೆ. ಬಂದ ವಾರ ಕಾಫಿ ಅಂಗಡಿಯ ಮುಂದೆ ಹಾದುಹೋದರೆ ಮೀಸೆ ತಿರುವುತ್ತಿದ್ದವರು, ಈಗ ಎದ್ದು ನಿಲ್ಲುತ್ತಾರೆ. "ಎಲ್ಲಿಗೆ ತಂಗಿ?" "ಆ ಗಡಿಗೆ ಇಲ್ಲಿ ಕೊಡು ತಂಗಿ." ಆರಡಿ ಎತ್ತರದ ಕುರುಬರು, ಸೊಂಟದಲ್ಲಿ ಚಾಕು ಇರುವವರು, ನನ್ನ ಮುಂದೆ ಹಸುಳೆಗಳ ಹಾಗೆ. ಸಿಫಿಸ್ ಅಂತೂ ದ್ರಾಕ್ಷಿ ತುಳಿಯುವ ದಿನ ಎಲ್ಲರೆದುರಿಗೆ, "ನಮ್ಮ ತಂಗಿ ತುಳಿದ್ರೆ ವೈನು ಹುಳಿಯಾಗಲ್ಲ" ಅಂದ. ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಒಟ್ಟಿಗೆ ಸುಮ್ಮನಾದರು. ಅಷ್ಟು ಜನ ಒಂದೇ ಸಲ ಸುಮ್ಮನಾಗುವುದನ್ನು ನಾನು ಹೆಣದ ಮನೆಯಲ್ಲಿ ಮಾತ್ರ ನೋಡಿದ್ದೇನೆ.

ಮದುವೆಯ ಮಾತು ಎತ್ತಿದರೆ ಅಮ್ಮ ಈರುಳ್ಳಿ ಹೆಚ್ಚಲು ಕೂರುತ್ತಾರೆ. ನಿನ್ನೆ ಕೇಳಿಯೇಬಿಟ್ಟೆ, "ನನ್ನಲ್ಲಿ ಏನಾದ್ರೂ ಕೊರತೆ ಇದ್ಯಾ?" ಅಂತ. "ನಿನ್ನಲ್ಲಿ ಕೊರತೆ ಹುಡುಕೋಳ ಕಣ್ಣು ಸೇದೋಗ್ಲಿ" ಅಂದರು. ಕಣ್ಣಲ್ಲಿ ನೀರು ಹರಿಯುತ್ತಿತ್ತು. ಕೈಯಲ್ಲಿದ್ದದ್ದು ಈರುಳ್ಳಿಯಲ್ಲ, ಸೌತೆಕಾಯಿ.

ಇಷ್ಟೊಂದು ಪ್ರೀತಿಸುವವರು ಒಂದು ಹೂಂ ಅನ್ನಲು ಯಾಕೆ ಹೀಗೆ ಒದ್ದಾಡುತ್ತಾರೆ? ನಿನಗೇನಾದರೂ ಗೊತ್ತಿದ್ದು ಮುಚ್ಚಿಟ್ಟಿದ್ದೀಯಾ? ಬೇರೆ ಹುಡುಗಿಗೆ ಮಾತು ಕೊಟ್ಟಿದ್ದರೆ ಈಗಲೇ ಹೇಳಿಬಿಡು.

ಎವಾಂಥಿಯಾ


ಸಾಂತೋಸ್, ಬ್ರೆಜಿಲ್
೧೪ ನವೆಂಬರ್ ೧೯೬೪

ನನ್ನ ಎವಾಂಥಿ,

ನೆಲಮಾಳಿಗೆಯ ಬೀಗದ ಕೈ ಅಂದರೆ ಏನು ಗೊತ್ತೇ ನಿನಗೆ? ಅದನ್ನು ಅಮ್ಮ ನನ್ನ ಅಪ್ಪನಿಗೂ ಕೊಟ್ಟಿರಲಿಲ್ಲ. ಅತ್ತೆ ಅನ್ನಬೇಡ ಅಮ್ಮ ಅನ್ನು ಅಂದಳು ಅಂದರೆ ಇನ್ನು ಹೂಂ ಅನ್ನುವುದಕ್ಕೆ ಏನು ಉಳಿಯಿತು? ಅವಳಿಗೆ ಬಾಯಲ್ಲಿ ಹೇಳಲು ನಾಚಿಕೆ, ಅಷ್ಟೇ. ನೀನು ಪಟ್ಟಣದವಳು, ನಿನಗೆ ಎಲ್ಲವೂ ಬಿಡಿಸಿ ಹೇಳಬೇಕು.

ಆ ಗಂಡಸರು ತಂಗಿ ಅನ್ನುವುದು ನನ್ನ ಮುಷ್ಟಿಗೆ ಹೆದರಿ. ಒಳ್ಳೆಯದೇ ಆಯಿತು.

ನಿನ್ನ ಪತ್ರ ಓದಿ ಖುಷಿಯಾಗಿ ಹಡಗಿನವರಿಗೆಲ್ಲ ಕುಡಿಸಿದೆ. ಇಲ್ಲಿ ಬಿಳಿ ಲೇಸು ಸಿಗುತ್ತದೆ, ಮದುವೆ ಉಡುಪಿಗೆ ಆಗುವಷ್ಟು ತೆಗೆದುಕೊಂಡಿದ್ದೇನೆ. ಅಳತೆ ಕೇಳಿದಾಗ ಕೈ ಅಗಲಿಸಿ ತೋರಿಸಿದೆ, ಅಂಗಡಿಯವಳು ನಕ್ಕಳು. ಕ್ಯಾಪ್ಟನ್ನಿಗೂ ಹೇಳಿದ್ದೇನೆ, ಏಪ್ರಿಲ್‌ನಲ್ಲಿ ಇಳಿಯುತ್ತೇನೆ ಅಂತ. ಪಾದ್ರಿಯವರ ಹತ್ತಿರ ದಿನ ಗೊತ್ತು ಮಾಡಿಸು.

ಬೇರೆ ಹುಡುಗಿಯಂತೆ. ನಿನ್ನ ಒಬ್ಬಳ ಪತ್ರಕ್ಕೆ ಉತ್ತರ ಬರೆಯುವುದರಲ್ಲೇ ನನ್ನ ಬೆರಳು ಸವೆದಿದೆ.

ನಿನ್ನ ಮನೂಸೋಸ್


ಲಗಾನಿ
೧೮ ನವೆಂಬರ್ ೧೯೬೪

ಮನೂಸೋ,

ಗೊತ್ತಾಯಿತು. ಹೇಗೆ ಬರೆಯಲಿ ಅಂತ ಮೂರು ದಿನದಿಂದ ಕಾಗದ ಮುಂದಿಟ್ಟುಕೊಂಡು ಕೂತಿದ್ದೇನೆ.

ರಾಕಿ ಸಾರಾಯಿ ಕಾಯಿಸುವ ದಿನ. ಹಂಡೆಯ ಸುತ್ತ ಊರೆಲ್ಲ ಸೇರಿತ್ತು. ಸಿಫಿಸ್ ಬಿಸಿಬಿಸಿ ಮೊದಲ ಹನಿ ಕುಡಿದು ನನ್ನ ಪಕ್ಕ ಕೂತ. ನಾನು ಚಿಕ್ಕಂದಿನ ಮಾತು ಹೇಳುತ್ತಿದ್ದೆ, ಈಸ್ಟರ್‌ಗೆ ನನಗೆ ಜ್ಞಾನಸ್ನಾನ ಮಾಡಿಸಿದ ಜ್ಞಾನತಂದೆ ಕಳಿಸುತ್ತಿದ್ದ ಬೂಟಿನ ತುದಿಯಲ್ಲಿ ಯಾವಾಗಲೂ ಒಂದು ಹಿಡಿ ಉಣ್ಣೆ ತುರುಕಿರುತ್ತಿತ್ತು, ಅದನ್ನು ತೆಗೆದು ನಾನು ಬೊಂಬೆಗೆ ಕೂದಲು ಮಾಡುತ್ತಿದ್ದೆ ಅಂತ. ಅವನು ಗ್ಲಾಸು ಕೆಳಗಿಟ್ಟ. "ನಂಗೂ ಬರ್ತಿತ್ತು ಆ ಬೂಟು" ಅಂದ. ಹಂಡೆಯ ಆ ಕಡೆಯಿಂದ ಒಬ್ಬ, "ನಂಗೂ" ಅಂದ. "ನಂಗೂ." "ಮನೂಸೋಸ್‌ಗೂ" ಅಂದ ಸಿಫಿಸ್.

ವಾರ್ದಿಸ್. ಹನ್ಯಾ ಪಟ್ಟಣದ ಉಣ್ಣೆ ವ್ಯಾಪಾರಿ. ನಾವು ಪಿರೇಯಸ್‌ಗೆ ಹೋಗುವ ಮುಂಚೆ ನನ್ನ ಅಪ್ಪ ಅವರ ಗಾಡಿ ಹೊಡೆಯುತ್ತಿದ್ದರು. ನಿಮ್ಮೂರಿನ ಉಣ್ಣೆಯೆಲ್ಲ ಕೊಳ್ಳುತ್ತಿದ್ದವರೂ ಅವರೇ, ಆ ಸ್ನೇಹಕ್ಕೆ ಊರಿನ ಅರ್ಧ ಮಕ್ಕಳಿಗೆ ಜ್ಞಾನತಂದೆ ಆದವರೂ ಅವರೇ. "ಮುದುಕ ಬುದ್ಧಿವಂತ ಕಣಮ್ಮ" ಅಂದ ಸಿಫಿಸ್. "ಜ್ಞಾನಸ್ನಾನದಲ್ಲಿ ಗಂಡುಮಕ್ಕಳಿಗೆ ಮಾತ್ರ ಎಣ್ಣೆ ಹಚ್ತಿದ್ದ. ಒಂದೇ ಕೈ ಎಣ್ಣೆ ಹಚ್ಚಿದ್ರೆ ಅಣ್ಣತಂಗೀರು, ನಾಳೆ ಮದುವೆಗೆ ಅಡ್ಡ ಬರುತ್ತೆ ಅಂತ. ಹೆಣ್ಣುಮಗೂನ ಎತ್ಕೊಂಡೇ ಇಲ್ಲ ಅಂದ್ಕೊಂಡಿದ್ವಿ. ಕೆಳಗೆ ಪಟ್ಟಣದಲ್ಲಿ ಗಾಡಿಯವನ ಮಗಳೊಬ್ಬಳಿಗೆ ಹಚ್ಚಿದಾನೆ ಅಂತ ಯಾರಿಗೊತ್ತು?"

ಊರಿಗೆಲ್ಲ ಗೊತ್ತಿತ್ತು ಮನೂಸೋ. ಹೊದಿಕೆ ತೆಗೆದ ಆ ಭಾನುವಾರದಿಂದಲೇ ಗೊತ್ತಿತ್ತು. ಅದಕ್ಕೇ ತಂಗಿ, ಅದಕ್ಕೇ ಅಮ್ಮ. ನಾನೊಬ್ಬಳೇ ಹುಚ್ಚಿಯ ಹಾಗೆ ಮದುವೆ ಹೊದಿಕೆಯ ಕನಸು ಕಾಣುತ್ತಿದ್ದೆ.

ಮನೆಗೆ ಬಂದು ಅಮ್ಮನ ಮೇಲೆ ಕೂಗಾಡಿದೆ. ಒಂದು ಮಾತು ಹೇಳಬಾರದಿತ್ತೇ ಅಂತ. ಅವರು ಲಂಗದಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. "ಹೇಳಿದ್ರೆ ನೀನು ಹೊರಟೋಗ್ತಿದ್ದೆ" ಅಂದರು. "ಸೊಸೆ ಆಗಲ್ಲ ಅಂತ ಗೊತ್ತಾಯ್ತು. ಮಗಳಾಗಾದ್ರೂ ನಾಲ್ಕು ದಿನ ಇರ್ಲಿ ಅಂತ ಆಸೆಪಟ್ಟೆ. ಅದೂ ತಪ್ಪಾ?"

ಅತ್ತ ದರಿ, ಇತ್ತ ಪುಲಿ. ನಿನ್ನನ್ನು ಕಟ್ಟಿಕೊಂಡರೆ ಈ ಅಮ್ಮ ಸಿಗುವುದಿಲ್ಲ. ಈ ಅಮ್ಮ ಬೇಕೆಂದರೆ ನೀನು ನನ್ನ ಅಣ್ಣ. ನೀನು ಯಾರು ನನಗೆ, ಹೇಳು.

ಎವಾಂಥಿಯಾ


ಸಾಂತೋಸ್
೧೨ ಡಿಸೆಂಬರ್ ೧೯೬೪

ಎವಾಂಥಿ,

ಹಡಗಿನ ಎಂಜಿನ್ ಕೆಟ್ಟು ಇಲ್ಲೇ ಬಿದ್ದಿದ್ದೇವೆ. ನಿನ್ನ ಪತ್ರ ಬಂತು.

ಈಗ ಕೇಳು. ನಾನು ನಿನ್ನ ಅಣ್ಣ ಅಲ್ಲ. ಒಂದು ಚಮಚ ಎಣ್ಣೆ ಅದು. ಹಡಗಿನಲ್ಲಿ ದಿನಾ ನನ್ನ ಮೈಗೆ ಅದಕ್ಕಿಂತ ಹೆಚ್ಚು ಎಣ್ಣೆ ಬೀಳುತ್ತದೆ, ಹಾಗಂತ ಎಂಜಿನ್ ನನ್ನ ಚಿಕ್ಕಪ್ಪ ಆಯಿತೇ?

ಊರಿಂದ ಇಳಿದುಬಿಡು. ಪಿರೇಯಸ್ಸಿನಲ್ಲಿ ನಮ್ಮನ್ನು ಗುರುತಿಸದ ಪಾದ್ರಿಗಳು ಬೇಕಾದಷ್ಟಿದ್ದಾರೆ. ಜ್ಞಾನತಂದೆ ಯಾರು ಅಂತ ಕೇಳಿದರೆ ನೀನು ಇನ್ಯಾರದೋ ಹೆಸರು ಹೇಳು. ವಾರ್ದಿಸ್ ಸತ್ತು ಎಷ್ಟು ಕಾಲವಾಯಿತು, ಅವನೇನು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲ. ಅಮ್ಮನಿಗೆ ಆಮೇಲೆ ತಿಳಿಸಿದರಾಯಿತು. ಮೊಮ್ಮಗು ಮಡಿಲಿಗೆ ಬಿದ್ದರೆ ಎಲ್ಲ ಮರೆಯುತ್ತಾಳೆ.

ಲೇಸು ನನ್ನ ತಲೆದಿಂಬಿನ ಕೆಳಗಿದೆ. ಅದನ್ನು ತಂಗಿಗೆ ಉಡುಗೊರೆ ಕೊಡಲು ನಾನು ತಂದಿಲ್ಲ.

ಈ ಪತ್ರ ಅಮ್ಮನಿಗೆ ಓದಬೇಡ.

ಮನೂಸೋಸ್


ಲಗಾನಿ
೧೧ ಜನವರಿ ೧೯೬೫

ಮನೂಸೋ,

ಓದಿದೆ. ಅವರಿಗೆ ಓದಿ ಹೇಳಿದೆ. ನಿನಗೆ ಸಿಟ್ಟು ಬಂದರೆ ಬರಲಿ. ಅವರ ಮುಂದೆ ಕೂತು ಸುಳ್ಳು ಸುಳ್ಳು ಓದಲು ನನ್ನ ನಾಲಗೆ ತಿರುಗಲಿಲ್ಲ.

ಕೇಳಿ ಅಮ್ಮ ಉರಿ ಕೆದಕಿದರು. "ಹೆತ್ತೋರಿಗೆ ಹೆಗ್ಗಣ ಮುದ್ದು" ಅಂದರು. "ಆದ್ರೆ ದೇವರ ಮುಂದೆ ಸುಳ್ಳು ಹೇಳೋ ಹೆಗ್ಗಣ ನಂಗೆ ಬೇಡ." ಆಮೇಲೆ ತಮ್ಮಷ್ಟಕ್ಕೆ, "ಎಲ್ಲಿಂದ ಕಲ್ತ ಅಂದ್ರೆ ನನ್ನಿಂದ್ಲೇ ಕಲ್ತ" ಅಂದರು. ಕಂಬಳಿ ಹೊದ್ದುಕೊಂಡು ನನ್ನ ಕೈ ಹಿಡಿದು, "ಕೂತ್ಕೋ. ಇದನ್ನ ನಾನು ಯಾರಿಗೂ ಹೇಳಿಲ್ಲ" ಅಂತ ಶುರುಮಾಡಿದರು. ಅವರು ಹೇಳಿದ್ದನ್ನು ನಾನು ಬರೆಯುತ್ತೇನೆ, ನಿಧಾನವಾಗಿ ಓದು.

ನೀನು ಹುಟ್ಟಿ ಇನ್ನೂ ಹೆಸರಿಟ್ಟಿರಲಿಲ್ಲ. ಹೊರಗೆ ಸೊಂಟದಷ್ಟು ಹಿಮ. ನಿನ್ನ ಅಪ್ಪ ಗುಂಡೇಟು ತಿಂದು ಹನ್ಯಾದ ಆಸ್ಪತ್ರೆಯಲ್ಲಿದ್ದರು. ಪಾದ್ರಿ ಕಣಿವೆಯ ಆಚೆ ಸಿಕ್ಕಿಬಿದ್ದಿದ್ದರು. ನಿನಗೆ ಉಸಿರು ನಿಲ್ಲುತ್ತ ಬಂದು ಮೈ ನೀಲಿಯಾಯಿತು. ಜ್ಞಾನಸ್ನಾನವಿಲ್ಲದೆ, ಹೆಸರಿಲ್ಲದೆ ಮಗು ಹೋಗುತ್ತದಲ್ಲ ಅಂತ ಅಮ್ಮ ಬಾಗಿಲು ತೆಗೆದು ಕಿರುಚಿದರು. ಅಂಥ ಹೊತ್ತಿನಲ್ಲಿ ಯಾರಾದರೂ ಮಗುವನ್ನು ಮೂರು ಸಲ ಗಾಳಿಗೆ ಎತ್ತಿ ಹೆಸರಿಟ್ಟು ದೇವರ ಮಾತು ಹೇಳಿದರೆ ಅದೇ ಜ್ಞಾನಸ್ನಾನ ಅನ್ನುವುದು ನಿನಗೂ ಗೊತ್ತು. ಹೆತ್ತವಳು ಎತ್ತುವ ಹಾಗಿಲ್ಲ. ಆ ಹಿಮದಲ್ಲಿ ಕೂಗು ಕೇಳುವಷ್ಟು ಹತ್ತಿರ ಇದ್ದದ್ದು ಒಂದೇ ಬಾಗಿಲು.

ಪೆಲಾಗಿಯಾ ಬಂದರು. ಬರಿಗಾಲಲ್ಲಿ ಬಂದರಂತೆ. ನಿನ್ನನ್ನು ಕಿತ್ತುಕೊಂಡು ಮೂರು ಸಲ ಎತ್ತಿದರು. ಏನು ಹೆಸರು ಅಂತ ಕೇಳಲು ಪುರುಸೊತ್ತಿರಲಿಲ್ಲ. ಅವರ ಬಾಯಿಗೆ ಬಂದದ್ದು ಸತ್ತುಹೋಗಿದ್ದ ಅವರ ಅಪ್ಪನ ಹೆಸರು, ಮನೂಸೋಸ್. ಮೂರನೇ ಸಲ ಎತ್ತುವಾಗ ನೀನು ಅತ್ತುಬಿಟ್ಟೆ.

ಅಪ್ಪ ಕುಂಟುತ್ತ ಮನೆಗೆ ಬಂದರು. ಗುಂಡು ಹೊಡೆದವನ ತಂಗಿಯೇ ಮಗನಿಗೆ ಜ್ಞಾನತಾಯಿ ಅಂತ ಅವರಿಗೆ ಹೇಗೆ ಹೇಳುವುದು? ಕನಸಿನಲ್ಲಿ ಸಂತರು ಬಂದು ಆ ಹೆಸರು ಹೇಳಿದರು ಅಂದರಂತೆ ಅಮ್ಮ. ಹಿಮ ಕರಗಿದ ಮೇಲೆ ವಾರ್ದಿಸ್ ಬಂದರು, ಅಮ್ಮ ಪಾದ್ರಿಗೂ ಏನೂ ಹೇಳದೆ ನಿನ್ನನ್ನು ನೀರಿಗಿಳಿಸಿ ಎಣ್ಣೆ ಹಚ್ಚಿಸಿದರು. ಪೆಲಾಗಿಯಾ ತಮ್ಮ ಬಾಗಿಲಲ್ಲಿ ನಿಂತು ಆ ಮೆರವಣಿಗೆ ನೋಡಿದರು. ಅವರೂ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಆವತ್ತೇ ಜಗಳ ಮುಗಿಯುತ್ತಿತ್ತು. ಮಗುವನ್ನು ಎತ್ತಿದ ಮನೆಯ ಮೇಲೆ ಯಾರು ಹಗೆ ಸಾಧಿಸುತ್ತಾರೆ?

ಇದನ್ನೆಲ್ಲ ಹೇಳಿದ ಮರುದಿನ ಅಮ್ಮ ಪಾದ್ರಿಯ ಹತ್ತಿರ ಹೋದರು. ಈಗಿನ ಪಾದ್ರಿ ಗಡ್ಡ ಕೆರೆದುಕೊಂಡು, "ಎತ್ತಿದ್ದು ನಿಜವಾದ್ರೆ ಅದೇ ಜ್ಞಾನಸ್ನಾನ ಕಣಮ್ಮ. ಆಮೇಲೆ ಮಾಡ್ಸಿದ್ದು ಬರೀ ಸ್ನಾನ" ಅಂದರು. "ವಾರ್ದಿಸ್ ಇವನಿಗೆ ಜ್ಞಾನತಂದೆ ಅಲ್ಲ, ಹುಡುಗ ಹುಡುಗಿ ಮದುವೆಗೆ ಅಡ್ಡಿಯಿಲ್ಲ. ಆದ್ರೆ ನೀನು ತಾಯಿ, ನಿನ್ನ ಮಾತು ಸಾಲದು. ಎತ್ತಿದ ಕೈ ಬಂದು ನನ್ನ ಮುಂದೆ ಹೇಳ್ಲಿ."

ಕಾಫಿ ಅಂಗಡಿಯಲ್ಲಿ ಈಗ ಎರಡು ಪಕ್ಷ. ಗಾಳಿ ದೊಡ್ಡದು ಅನ್ನುವವರು, ಎಣ್ಣೆ ದೊಡ್ಡದು ಅನ್ನುವವರು. ಸಿಫಿಸ್ ಎರಡೂ ಪಕ್ಷದವರ ರಾಕಿ ಕುಡಿಯುತ್ತಾನೆ. ನನ್ನನ್ನು ಕಂಡರೆ ತಂಗಿ ಅನ್ನಲೋ ಅತ್ತಿಗೆ ಅನ್ನಲೋ ತಿಳಿಯದೆ, "ಏನಮ್ಮ ಅದು" ಅನ್ನುತ್ತಾನೆ.

ನಿನ್ನೆ ಅಮ್ಮ ಓಣಿ ದಾಟಿದರು. ತಲೆಗೆ ಒಳ್ಳೆಯ ಕರಿ ವಸ್ತ್ರ ಕಟ್ಟಿಕೊಂಡು, ನನ್ನ ತೋಳು ಹಿಡಿದು. ನೀಲಿ ಬಾಗಿಲಿನ ಮುಂದೆ ಅವರ ಉಗುರು ನನ್ನ ತೋಳಿಗೆ ನಾಟಿತು. ಪೆಲಾಗಿಯಾ ಹೊರಗೆ ಬಂದರು. "ಊರಿಗೆ ಬಂದೋಳು ನೀರಿಗೆ ಬರ್ಲೇಬೇಕಲ್ಲ ಗರಿಫಲ್ಯಾ" ಅಂದರು. "ಬಹಳ ತಡವಾಗಿ ಬಾಯಾರಿಕೆ ಆಯ್ತು ನಿಂಗೆ." ಅಮ್ಮ ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತರು. ಪೆಲಾಗಿಯಾ ಒಳಗಿನಿಂದ ಒಂದು ಲೋಟ ನೀರು ತಂದರು, ಅಮ್ಮ ಕುಡಿದರು.

ಸಾಕ್ಷಿ ಹೇಳುತ್ತೀರಾ ಅಂತ ನಾನು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ಹೇಳ್ತೀನಿ. ಆದ್ರೆ ಅವನು ಬರ್ಲಿ. ನಾನು ಎತ್ತಿದ ಮಗು ಈ ಓಣಿಯಲ್ಲಿ ಓಡಾಡಿ ಬೆಳೀತು, ಒಂದಿನ ನನ್ನ ಕಡೆ ತಿರುಗಿ ನೋಡ್ಲಿಲ್ಲ, ನೋಡಿದ್ರೆ ಉಗೀತಿತ್ತು. ಹಗಲೊತ್ತಿನಲ್ಲಿ, ಊರೆಲ್ಲ ನೋಡೋ ಹಾಗೆ ಬಂದು, ಜ್ಞಾನತಾಯಿ ಅಂತ ನನ್ನ ಕೈಗೆ ಮುತ್ತು ಕೊಡ್ಲಿ. ಆ ಕ್ಷಣವೇ ಪಾದ್ರಿ ಹತ್ರ ಹೋಗ್ತೀನಿ. ನಂಗಿನ್ನೇನೂ ಬೇಡ."

ಅಷ್ಟೇ ಮನೂಸೋ. ದಾರಿ ತೆರೆದಿದೆ. ಸುಳ್ಳು ಹೇಳಬೇಕಾಗಿಲ್ಲ, ಅಮ್ಮನನ್ನು ಬಿಡಬೇಕಾಗಿಲ್ಲ. ನನಗೆ ನಗು ಬರುತ್ತಿದೆ, ಅಳುವೂ ಬರುತ್ತಿದೆ. ಬೇಗ ಬರೆ.

ನಿನ್ನ ಎವಾಂಥಿಯಾ


ಡರ್ಬನ್
೯ ಫೆಬ್ರುವರಿ ೧೯೬೫

ಎವಾಂಥಿಯಾ,

ಅಮ್ಮ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಈಗಲೂ ಮುಚ್ಚಿಕೊಂಡೇ ಇರಬಹುದಿತ್ತು.

ನಿನಗೆ ಅರ್ಥವಾಗುವುದಿಲ್ಲ. ನನ್ನ ಅಪ್ಪ ಮನೆಯ ಮೆಟ್ಟಿಲು ಹತ್ತುವುದನ್ನು ನೀನು ನೋಡಿಲ್ಲ. ಒಂದು ಕೈ ಗೋಡೆಗೆ, ಒಂದು ಕೈ ನನ್ನ ಹೆಗಲಿಗೆ. ಮೇಲೆ ಮುಟ್ಟಿದ ಮೇಲೆ ತಿರುಗಿ ಆ ನೀಲಿ ಬಾಗಿಲಿನ ಕಡೆ ಉಗಿಯುತ್ತಿದ್ದ, ನನಗೂ ಉಗಿ ಅನ್ನುತ್ತಿದ್ದ. ನನಗೆ ನಡೆಯುವುದಕ್ಕಿಂತ ಮೊದಲು ಅದು ಬಂದಿತ್ತು. ಈಗ ಹೋಗಿ ಆ ಕೈಗೆ ಮುತ್ತು ಕೊಡು ಅನ್ನುತ್ತೀಯಾ. ಊರೆಲ್ಲ ನೋಡುವ ಹಾಗೆ. ಅಪ್ಪನ ಗೋರಿಯೂ ಅಲ್ಲೇ ಮೇಲಿದೆ, ಅಲ್ಲಿಗೂ ಕಾಣುತ್ತದೆ.

ಹೆಸರು ಕೂಡ ಅವರದು. ಇಲ್ಲಿ ಯಾರಾದರೂ ಮನೂಸೋಸ್ ಅಂತ ಕೂಗಿದರೆ ತಿರುಗಿ ನೋಡಲು ಮನಸ್ಸಾಗುತ್ತಿಲ್ಲ. ಅವಳು ಎತ್ತದೆ ಬಿಟ್ಟಿದ್ದರೇ ಚೆನ್ನಾಗಿತ್ತು.

ನನ್ನ ಮಾತು ಮೊದಲಿನದೇ. ಪಿರೇಯಸ್‌ಗೆ ಬಾ. ಅಲ್ಲಿ ಮದುವೆಯಾಗೋಣ. ಎಣ್ಣೆಯ ಸುಳ್ಳನ್ನು ನಾನು ಹೇಳುತ್ತೇನೆ, ಪಾಪ ನನಗಿರಲಿ. ಆ ಬಾಗಿಲಿಗೆ ಮಾತ್ರ ನನ್ನನ್ನು ಕರೆಯಬೇಡ. ಏಪ್ರಿಲ್ ಕೊನೆಗೆ ಹಡಗು ಬರುತ್ತದೆ. ಬಂದರಿನ ದಕ್ಕೆಯ ಹತ್ತಿರ ನಿನ್ನನ್ನು ಹುಡುಕುತ್ತೇನೆ.

ಮ.


ಲಗಾನಿ
೬ ಮಾರ್ಚ್ ೧೯೬೫

ಮನೂಸೋ,

ನಿನ್ನ ಪತ್ರವನ್ನು ಒಂದು ಸಾಲು ಬಿಟ್ಟು ಅಮ್ಮನಿಗೆ ಓದಿದೆ. ಯಾವ ಸಾಲು ಅಂತ ನಿನಗೆ ಗೊತ್ತು. ಬಿಟ್ಟದ್ದು ಅವರಿಗೂ ಗೊತ್ತಾಯಿತೇನೋ, ಮತ್ತೊಮ್ಮೆ ಓದು ಅನ್ನಲಿಲ್ಲ. ಪೆಲಾಗಿಯಾ ಪಕ್ಕದಲ್ಲೇ ಸೊಪ್ಪು ಸೋಸುತ್ತ ಕೂತಿದ್ದರು. ಈಗ ದಿನಾ ಬರುತ್ತಾರೆ. ಇಬ್ಬರೂ ಇಡೀ ದಿನ ಜಗಳವಾಡುತ್ತಾರೆ, ಗಿಣ್ಣಿಗೆ ಉಪ್ಪು ಹೆಚ್ಚಾಯಿತು ಅಂತ, ನೀನು ಹುಟ್ಟಿದ ವರ್ಷ ಹಿಮ ಯಾವತ್ತು ಬಿತ್ತು ಅಂತ. ಇಷ್ಟು ವರ್ಷದ ಬಾಕಿ ಮಾತೆಲ್ಲ ಒಟ್ಟಿಗೆ ಆಡುತ್ತಿರುವ ಹಾಗಿದೆ. ನಿನ್ನ ಪತ್ರ ಮುಗಿದ ಮೇಲೆ ಪೆಲಾಗಿಯಾ, "ಅಪ್ಪನ ಮಗ" ಅಂದರು. ಬೈದ ಹಾಗೆ ಇರಲಿಲ್ಲ.

ನಿನ್ನ ಅಪ್ಪನ ನೋವು ನನಗೆ ಅರ್ಥವಾಗುವುದಿಲ್ಲ ಅಂದೆ. ಇರಬಹುದು. ನನಗೆ ಅರ್ಥವಾಗದ್ದು ಇನ್ನೊಂದಿದೆ. ದೇವರ ಮುಂದೆ ಸುಳ್ಳು ಹೇಳಲು ನಿನಗೆ ಅಳುಕಿಲ್ಲ, ನಿನಗೆ ಉಸಿರು ಕೊಟ್ಟ ಮುದುಕಿಯ ಮುಂದೆ ನಿಜ ಹೇಳಲು ನಾಚಿಕೆ. ನೀನು ಹುಟ್ಟಿದ ದಿನದಿಂದ ಗಂಡನಿಗೆ ಹೆದರಿ ಬದುಕಿದ ನಿನ್ನ ಅಮ್ಮ ಆ ಓಣಿ ದಾಟಿದರು. ಅವರ ಉಗುರು ನಾಟಿದ್ದು ನನ್ನ ತೋಳಿಗೆ ಇನ್ನೂ ನೆನಪಿದೆ.

ನಾನು ನಿನ್ನನ್ನು ಪ್ರೀತಿಸುತ್ತೇನೆ, ಅದರಲ್ಲಿ ನನಗೆ ಗೊಂದಲವಿಲ್ಲ. ನಾನು ಪ್ರೀತಿಸಿದವನೂ ಡರ್ಬನ್‌ನಿಂದ ಬರೆದವನೂ ಒಬ್ಬನೇನಾ ಅನ್ನುವುದು ಮಾತ್ರ ತಿಳಿಯುತ್ತಿಲ್ಲ. ಕೆಲವು ಸಲ ನಿನ್ನ ಹಳೇ ಪತ್ರ ತೆಗೆದು ನಗುತ್ತೇನೆ, ಈ ಪತ್ರ ತೆಗೆದು ಅದೇ ಅಕ್ಷರವೇ ಅಂತ ನೋಡುತ್ತೇನೆ. ಅದೇ ಅಕ್ಷರ.

ಪಿರೇಯಸ್‌ಗೆ ನಾನು ಬರುವುದಿಲ್ಲ, ದಕ್ಕೆಯಲ್ಲಿ ಹುಡುಕಬೇಡ. ಹೊಲಿಗೆ ಮೆಷಿನ್ನನ್ನು ಇಲ್ಲಿಗೇ ಕಳಿಸಲು ಬರೆದಿದ್ದೇನೆ. ಸಿಫಿಸ್ ಅದನ್ನು ಹೇಸರಗತ್ತೆಯ ಮೇಲೆ ಹೇರಿ ತರುತ್ತಾನಂತೆ. ಮದುವೆಯಾಗಲಿ, ಬಿಡಲಿ, ಈ ಮನೆಯಲ್ಲಿ ನನಗೆ ಮಂಚವಿದೆ ಅಂತ ಅಮ್ಮ ಹೇಳಿದ್ದಾರೆ. ಅವರನ್ನು ಅತ್ತೆ ಅನ್ನಬೇಕೋ ಅಮ್ಮ ಅನ್ನಬೇಕೋ ಇನ್ನೂ ಗೊತ್ತಿಲ್ಲ, ಏನೂ ಕರೆಯದೆ ಮಾತಾಡುವುದನ್ನು ಕಲಿತಿದ್ದೇನೆ. ಅದನ್ನು ತೀರ್ಮಾನಿಸುವುದು ನಿನಗೆ ಬಿಟ್ಟಿದ್ದು.

ಬಂದರೆ ಹಗಲಲ್ಲಿ ಬಾ. ಓಣಿಯಲ್ಲಿ ಎರಡು ಬಾಗಿಲಿವೆ. ಮೊದಲು ಆ ನೀಲಿ ಬಾಗಿಲಿಗೆ ಹೋದರೆ ನಾನು ಹೊರಗೆ ಬಂದು ಕಾಯುತ್ತಿರುತ್ತೇನೆ. ಮೊದಲು ನನ್ನ ಬಾಗಿಲಿಗೆ ಬಂದರೆ, ಬಾಗಿಲು ತೆಗೆಯುತ್ತೇನೆ, ಊಟಕ್ಕೆ ಹಾಕುತ್ತೇನೆ, ಅಣ್ಣಾ ಅಂತ ಕರೆಯುತ್ತೇನೆ.

ಎವಾಂಥಿಯಾ